ನಾಗರಪಂಚಮಿಗೆ ಹಾಲೆರೆಯಲಾಗದ ವರ್ಷ: ಕೊಡಗಿನ ಒಂದು ಕುಟುಂಬದ ಪ್ರಕರಣ ಅಧ್ಯಯನ

ಹಿನ್ನೆಲೆ

2018ರ ಆಗಸ್ಟ್ ಮಧ್ಯಭಾಗದಲ್ಲಿ ಕೊಡಗಿನ ಉತ್ತರ ಭಾಗದ ಬೆಟ್ಟಗಳು ಕುಸಿದಾಗ ಇಪ್ಪತ್ತರ ಆಸುಪಾಸು ಜನ ಪ್ರಾಣ ಕಳೆದುಕೊಂಡರು ಮತ್ತು ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಿದರು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹೆಬ್ಬೆಟ್ಟಗೇರಿ, ಹಟ್ಟಿಹೊಳೆ, ಜೋಡುಪಾಲ ಮೊದಲಾದ ಊರುಗಳ ಹೆಸರು ಆ ಒಂದು ವಾರದಲ್ಲಿ ಇಡೀ ರಾಜ್ಯಕ್ಕೆ ಪರಿಚಿತವಾಯಿತು. ಕಾಫಿ ತೋಟ, ಗದ್ದೆ, ಮನೆ, ಕೊಟ್ಟಿಗೆ, ರಸ್ತೆಗಳೆಲ್ಲ ಒಂದೇ ಕೆಸರಿನ ಪ್ರವಾಹವಾಗಿ ಕಣಿವೆಗೆ ಇಳಿದ ಚಿತ್ರಗಳನ್ನು ನೋಡಿದವರು ಅವುಗಳನ್ನು ಮರೆತಿರಲಾರರು. ಆ ಹಾನಿಯ ಲೆಕ್ಕ ಸರ್ಕಾರಿ ಕಡತಗಳಲ್ಲಿದೆ. ಅದೇ ದಿನಗಳಲ್ಲಿ ಆ ಜನರ ದೈವಭಕ್ತಿಗೆ ಏನಾಯಿತು, ಕುಸಿದ ನಂಬಿಕೆ ಯಾವ ದಾರಿಯಿಂದ ಮರಳಿತು ಅಥವಾ ಮರಳಲಿಲ್ಲ ಎಂಬುದನ್ನು ಬರೆದಿಟ್ಟವರು ಕಡಿಮೆ. ಪರಿಹಾರ ಕೇಂದ್ರಗಳಲ್ಲಿ ಆಪ್ತಸಮಾಲೋಚನೆಯ ಕೆಲಸ ಮಾಡಿದವನಾಗಿ, ದೇವರನ್ನು ನಂಬುವವನೂ ಆಗಿ, ನಾನು ಹತ್ತಿರದಿಂದ ಕಂಡ ಒಂದು ಕುಟುಂಬದ ವಿಷಯವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕುಟುಂಬದವರ ಒಪ್ಪಿಗೆ ಪಡೆದಿದ್ದೇನೆ. ಊರು, ಮನೆತನ, ಸಮುದಾಯಗಳ ಹೆಸರನ್ನು ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮನೆಯಲ್ಲಿ ಆರು ಜನರಿದ್ದರು. ಎಪ್ಪತ್ತು ದಾಟಿದ ಅಜ್ಜಿ, ಐವತ್ತರ ಸಮೀಪದ ಹಿರಿಯ ಮಗ, ಅವರ ಪತ್ನಿ, ಕಾಲೇಜಿಗೆ ಹೋಗುತ್ತಿದ್ದ ಮಗಳು, ಶಾಲೆಗೆ ಹೋಗುತ್ತಿದ್ದ ಮಗ ಮತ್ತು ಮದುವೆಯಾಗದೆ ತೋಟವನ್ನೇ ನೋಡಿಕೊಂಡಿದ್ದ ಕಿರಿಯ ಮಗ. ಕೆಲವು ಎಕರೆ ರೊಬಸ್ಟಾ ಕಾಫಿ, ಅದರ ನಡುವೆ ಕರಿಮೆಣಸು, ಕೆಳಗಡೆ ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಮೂರು ಹಸು ಇದ್ದವು. ಮನೆಯ ಮೇಲ್ಭಾಗದ ಕಾಡಿನಂಚಿನಲ್ಲಿ ಹಿರಿಯರ ಕಾಲದ ನಾಗನ ಕಟ್ಟೆ ಇತ್ತು. ಕೊಡಗಿನ ಅನೇಕ ಬೆಳೆಗಾರರಂತೆ ಈ ಮನೆಯವರೂ ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ಪ್ರತಿದಿನ ಬೆಳಿಗ್ಗೆ ಎಷ್ಟು ಇಂಚು ಮಳೆಯಾಯಿತೆಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ತಂದೆ ಆರಂಭಿಸಿದ ಆ ಪುಸ್ತಕಗಳನ್ನು ಮುಂದುವರಿಸಿದವನು ಕಿರಿಯ ಮಗ.

ಅಜ್ಜಿಯ ಭಕ್ತಿ ತೋರಿಕೆಯದಾಗಿರಲಿಲ್ಲ. ಬೆಳಗಿನ ದೀಪ, ಸಂಜೆಯ ದೀಪ, ತುಲಾ ಸಂಕ್ರಮಣದಂದು ಕಾವೇರಿ ತೀರ್ಥ, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಕದಿರು, ಕಟ್ಟೆಗೆ ವರ್ಷಕ್ಕೊಮ್ಮೆ ಹಾಲು, ಇವುಗಳ ಆಧಾರದ ಮೇಲೆಯೇ ಆಕೆಯ ವರ್ಷ ಸಾಗುತ್ತಿತ್ತು. ಹಿರಿಯ ಮಗ ತಾಯಿಯ ನಂಬಿಕೆಯ ನೆರಳಿನಲ್ಲಿದ್ದವರು. ದೇವರ ಬಗ್ಗೆ ತನಗೆ ಪ್ರತ್ಯೇಕವಾಗಿ ಏನಾದರೂ ಅನ್ನಿಸುತ್ತದೆಯೇ ಎಂದು ಅವರು ಎಂದೂ ಕೇಳಿಕೊಂಡಿರಲಿಲ್ಲ.

ಆಗಸ್ಟ್ 15ರಿಂದ 17

ಆ ವರ್ಷ ನಾಗರಪಂಚಮಿ ಆಗಸ್ಟ್ 15ರಂದು ಬಂದಿತ್ತು. ಮಳೆ ಎಷ್ಟು ಜೋರಾಗಿತ್ತೆಂದರೆ ಕಟ್ಟೆಯವರೆಗಿನ ಕಡಿದಾದ ಕಾಲುದಾರಿಯಲ್ಲಿ ಹೆಜ್ಜೆಯಿಡುವುದೇ ಸಾಧ್ಯವಿರಲಿಲ್ಲ. ಅಜ್ಜಿ ಹಾಲಿನ ಪಾತ್ರೆಯನ್ನು ಸಿದ್ಧ ಮಾಡಿ, ಕಿರಿಯ ಮಗ ಬೇಡವೆಂದು ತಡೆದ ಮೇಲೆ, ಮಳೆ ಬಿಟ್ಟ ದಿನ ಎರೆದರಾಯಿತೆಂದು ಸುಮ್ಮನಾದರು.

16ರ ಸಂಜೆ ಮನೆಯ ಪಕ್ಕದ ಒರತೆಯಲ್ಲಿ ಕೆಂಪು ನೀರು ಬರತೊಡಗಿತು. ಮೇಲಿನ ತೋಟದವರು ಕೆಲವು ವರ್ಷಗಳ ಹಿಂದೆ ಗುಡ್ಡವನ್ನು ಯಂತ್ರದಿಂದ ಕಡಿದು ರಸ್ತೆ ಮಾಡಿಸಿದ್ದ ಜಾಗದಲ್ಲಿ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ, ಬಾಯಿಬಿಟ್ಟಿರುವುದನ್ನು ಕಿರಿಯ ಮಗ ನೋಡಿಕೊಂಡು ಬಂದರು. ನೆರೆಯ ಎರಡು ಮನೆಯವರು ಆಗಲೇ ಹೊರಟಿದ್ದರು. ತಾವೂ ಹೊರಡೋಣವೆಂದು ಹಿರಿಯ ಮಗ ಹೇಳಿದಾಗ ಅಜ್ಜಿ ಆಡಿದ ಮಾತು ಈ ಪ್ರಕರಣದ ತಿರುಳಾಗಿದೆ: "ಈ ಮನೆ ನಿನ್ನ ಅಜ್ಜನ ಕಾಲದಿಂದ ನಿಂತಿದೆ ಮಗ. ದೇವರು ಕಾಯ್ತಾನೆ. ಬೆಳಗಾಗಲಿ, ನೋಡುವ." ರಾತ್ರಿ ಕಳೆಯಿತು. 17ರ ಬೆಳಿಗ್ಗೆ ಅಂಗಳದಲ್ಲಿ ಬಿರುಕು ಕಂಡ ಕೂಡಲೇ ಎಲ್ಲರೂ ಹೊರಟರು. ಹಸುಗಳ ಹಗ್ಗ ಬಿಚ್ಚಿಲ್ಲವೆಂದು ಕಿರಿಯ ಮಗ ಅರ್ಧ ದಾರಿಯಿಂದ ಹಿಂದಿರುಗಿದರು. ಗುಡ್ಡ ಇಳಿಯುವ ಸದ್ದನ್ನು ಉಳಿದವರು ಎದುರಿನ ದಿಣ್ಣೆಯ ಮೇಲಿಂದ ಕೇಳಿದರು. ಕಿರಿಯ ಮಗನ ದೇಹ ಸಿಕ್ಕಿದ್ದು ಹಲವು ದಿನಗಳ ನಂತರ, ಗದ್ದೆ ಇದ್ದ ಜಾಗಕ್ಕಿಂತಲೂ ಕೆಳಗೆ.

ಸಮಸ್ಯೆಯ ಸ್ವರೂಪ

ಪರಿಹಾರ ಕೇಂದ್ರದಲ್ಲಿ ಈ ಕುಟುಂಬವನ್ನು ಭೇಟಿಯಾದಾಗ ಹೊರನೋಟಕ್ಕೆ ಕಂಡದ್ದು ಎಲ್ಲ ಕುಟುಂಬಗಳಲ್ಲಿದ್ದಂಥ ದುಃಖವೇ. ನಿಧಾನವಾಗಿ ತಿಳಿದುಬಂದ ಸಂಗತಿಯೆಂದರೆ, ಒಂದೇ ಸಾವು ಇಬ್ಬರಲ್ಲಿ ಎರಡು ಬಗೆಯ ಗಾಯ ಮಾಡಿತ್ತು, ಎರಡೂ ಗಾಯಗಳಲ್ಲಿ ದೇವರು ಇದ್ದ.

ಅಜ್ಜಿಯ ಮನಸ್ಸಿನಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಹಾಲೆರೆಯುವುದು ತಪ್ಪಿತು, ಎರಡು ದಿನದಲ್ಲಿ ಮಗ ಹೋದ. ಆದ್ದರಿಂದ ಮಗನ ಸಾವಿಗೆ ತಾನೇ ಕಾರಣ. ಸಾಂತ್ವನ ಹೇಳಲು ಬಂದ ದೂರದ ಬಂಧುವೊಬ್ಬರು ಇದನ್ನು ದೃಢಪಡಿಸುವಂತೆ ಮಾತನಾಡಿ, ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ ದೊಡ್ಡ ಪರಿಹಾರ ಪೂಜೆ ಮಾಡಿಸದಿದ್ದರೆ ಉಳಿದವರಿಗೂ ಕಂಟಕವಿದೆ ಎಂದು ಹೇಳಿ ಹೋದರು. ಅಂದಿನಿಂದ ಅಜ್ಜಿ ಮೊಮ್ಮಕ್ಕಳನ್ನು ಮುಟ್ಟಲೂ ಹೆದರಿದರು. ಅನ್ನ ಬಿಟ್ಟರು. ರಾತ್ರಿಯಿಡೀ ಮಂಡಿಯ ಮೇಲೆ ಕೈಯಿಟ್ಟು ಕೂತಿರುತ್ತಿದ್ದರು.

ಹಿರಿಯ ಮಗನ ಸಿಟ್ಟು ಬೇರೆ ರೀತಿಯದು. ತಾಯಿಯ ನಂಬಿಕೆಯ ಮಾತನ್ನು ಕೇಳಿ ಒಂದು ರಾತ್ರಿ ಉಳಿದದ್ದರಿಂದ ತಮ್ಮ ಸತ್ತನೆಂದು ಅವರು ತಿಳಿದಿದ್ದರು. ಅದನ್ನು ತಾಯಿಗೆ ನೇರವಾಗಿ ಹೇಳಲಾರದೆ ದೇವರಿಗೆ ಹೇಳುತ್ತಿದ್ದರು. ಕೇಂದ್ರದಲ್ಲಿ ಸಂಜೆ ಭಜನೆ ಆರಂಭವಾದರೆ ಎದ್ದು ಹೊರಗೆ ಹೋಗುವರು, ಪ್ರಸಾದ ಕೊಟ್ಟರೆ ಕೈ ಹಿಂದೆಳೆಯುವರು, ತಾಯಿಯೊಂದಿಗೆ ಮಾತಿಲ್ಲ. ಮೊದಲು ಅಪರೂಪಕ್ಕೆ ಕುಡಿಯುತ್ತಿದ್ದವರು ದಿನವೂ ಕುಡಿಯತೊಡಗಿದರು. ಮಳೆಯ ಸದ್ದು ಜೋರಾದರೆ ಮೈ ಬೆವರಿ ಎದ್ದು ಕೂರುತ್ತಿದ್ದರು.

ಇವರಿಬ್ಬರ ನಡುವೆ ಸೊಸೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮರಣೋತ್ತರ ಪರೀಕ್ಷೆಯ ವರದಿ ಇವುಗಳ ಹಿಂದೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ವಿಪತ್ತು ಪರಿಹಾರ ನಿಧಿಯ ಆಗಿನ ಮಾನದಂಡದಂತೆ ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ, ಕುಸಿತದಲ್ಲಿ ಕೊಚ್ಚಿಹೋದ ಜಮೀನಿಗೆ ಹೆಕ್ಟೇರಿಗೆ 37,500 ರೂಪಾಯಿ ಎಂದು ನಿಗದಿಯಾಗಿತ್ತು. ತಲೆಮಾರುಗಳು ಬೆಳೆಸಿದ ತೋಟಕ್ಕೆ ಎರಡನೆಯ ಮೊತ್ತ ಎಷ್ಟು ಅಲ್ಪವೆಂಬುದನ್ನು ಕಾಫಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ನಿಮಗೆ ದೇವರ ಮೇಲೆ ನಂಬಿಕೆ ಉಳಿದಿದೆಯೇ ಎಂದು ಆಕೆಯನ್ನು ಒಬ್ಬ ಸ್ವಯಂಸೇವಕಿ ಕೇಳಿದಾಗ ಬಂದ ಉತ್ತರ ನೇರವಾಗಿತ್ತು: "ಅದನ್ನು ಯೋಚಿಸ್ಲಿಕ್ಕೆ ನನಗೆ ಪುರುಸೊತ್ತು ಸಿಗಲಿ, ಆಗ ಹೇಳ್ತೇನೆ."

ಮಾಡಿದ ಪ್ರಯತ್ನಗಳು

ಆರಂಭದ ಸಾಂತ್ವನಗಳು ಬಹುಪಾಲು ನಿಷ್ಫಲವಾದವು. ಎಲ್ಲವೂ ದೇವರ ಇಚ್ಛೆ, ಅವನು ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ, ಉಳಿದ ನೀವಾದರೂ ಬದುಕಿದಿರಲ್ಲ ಎಂಬಂಥ ಮಾತುಗಳನ್ನು ಒಳ್ಳೆಯ ಮನಸ್ಸಿನಿಂದ ಹೇಳಿದವರೇ ಹೆಚ್ಚು. ಆದರೆ ದೇವರ ಇಚ್ಛೆ ಎಂಬ ಮಾತು ಅಜ್ಜಿಯ ಕಿವಿಗೆ ಶಿಕ್ಷೆ ಎಂದು ಕೇಳಿಸಿತು, ಮಗನ ಕಿವಿಗೆ ಕ್ರೌರ್ಯ ಎಂದು ಕೇಳಿಸಿತು. ಸ್ವಸ್ಥ ಮನಸ್ಸಿಗೆ ಆಸರೆಯಾಗುವ ವಾಕ್ಯವೇ ಹಸಿ ಗಾಯದ ಮೇಲೆ ಬಿದ್ದಾಗ ಉರಿಸುತ್ತದೆ.

ಕೆಲಸ ಮಾಡಿದ್ದು ಬಹಳ ಸಣ್ಣ ಸಂಗತಿ. ಕೇಂದ್ರವಾಗಿದ್ದ ಸಭಾಭವನದ ಒಂದು ಮೂಲೆಯಲ್ಲಿ ದೀಪ ಹಚ್ಚಲು ಜಾಗ ಮಾಡಿಕೊಡಲಾಯಿತು. ಅಲ್ಲಿ ಯಾವ ದೇವರ ಪಟವನ್ನೂ ಇಡಲಿಲ್ಲ, ಏಕೆಂದರೆ ಆ ಸಭಾಭವನದಲ್ಲಿ ತೋಟದ ಲೈನ್‌ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಬಂದ ಕ್ರೈಸ್ತ ಮತ್ತು ಮುಸ್ಲಿಂ ಕುಟುಂಬಗಳೂ ಇದ್ದವು. ಅವರು ತಮ್ಮ ಪ್ರಾರ್ಥನೆಯನ್ನು ಅದೇ ಮೂಲೆಯಲ್ಲಿ ಕೂತು ಮಾಡಿದರು. ಅಜ್ಜಿ ಅಲ್ಲಿಗೂ ಬರಲಿಲ್ಲ. ತಾನು ಹಚ್ಚಿದರೆ ದೀಪಕ್ಕೆ ಅಪಚಾರ ಎಂದರು. ಆಗ ಪಕ್ಕದ ಚಾಪೆಯ ಕ್ರೈಸ್ತ ಕೂಲಿ ಹೆಂಗಸೊಬ್ಬರು, ಅವರೂ ಮನೆ ಕಳೆದುಕೊಂಡವರೇ, ದಿನವೂ ಸಂಜೆ ಅಜ್ಜಿಯ ಹೆಸರಿನಲ್ಲಿ ಒಂದು ದೀಪವನ್ನು ತಾವೇ ಹಚ್ಚತೊಡಗಿದರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಕೆಲವು ದಿನಗಳ ನಂತರ ಅಜ್ಜಿ ಆ ದೀಪಕ್ಕೆ ಎಣ್ಣೆ ಹಾಕಿದರು. ಅನ್ನ ಮುಟ್ಟಿದ್ದೂ ಅದೇ ವಾರ.

ಎರಡನೆಯ ಮುಖ್ಯ ನಿರ್ಧಾರ ಪರಿಹಾರ ಪೂಜೆಯ ಕುರಿತದ್ದು. ಬಂಧು ಸೂಚಿಸಿದ ಪೂಜೆಗೆ ಸಾವಿನ ಪರಿಹಾರದ ಹಣದಲ್ಲಿ ದೊಡ್ಡ ಪಾಲು ಬೇಕಾಗುತ್ತಿತ್ತು. ಅಜ್ಜಿಗೆ ಅದು ಆಗಲೇಬೇಕಿತ್ತು. ಮಗ ಅದನ್ನು ಕೇಳಿ ಕೆಂಡವಾದರು. ಸೊಸೆ ಎರಡೂ ಕಡೆಗೆ ಸೇರದೆ, ಒಂದು ವರ್ಷ ಯಾವ ದೊಡ್ಡ ಖರ್ಚಿನ ತೀರ್ಮಾನವನ್ನೂ ಮಾಡುವುದು ಬೇಡ, ಅಷ್ಟರೊಳಗೆ ಊರ ದೇವಸ್ಥಾನದ ಮುಖ್ಯಸ್ಥರಾದ ತಕ್ಕರನ್ನೂ ಅರ್ಚಕರನ್ನೂ ಕೇಳೋಣ ಎಂದರು. ಆ ಸ್ಥಿತಿಯಲ್ಲಿ ಇದಕ್ಕಿಂತ ವಿವೇಕದ ಮಾತನ್ನು ನಾನು ಕೇಳಲಿಲ್ಲ. ಅರ್ಚಕರು ಅಜ್ಜಿಯ ಮಾತನ್ನೆಲ್ಲ ಕೇಳಿಸಿಕೊಂಡು, "ಅಮ್ಮಾ, ಮಳೆಯಲ್ಲಿ ಗುಡ್ಡ ಹತ್ತಲಾಗದ ಮುದುಕಿಯ ಮೇಲೆ ಮುನಿಸಿಕೊಳ್ಳುವವನನ್ನು ನಾನು ಇಷ್ಟು ವರ್ಷ ಪೂಜೆ ಮಾಡಿಲ್ಲ" ಎಂದರು. ಪೂಜೆ ಬೇಕೆನಿಸಿದರೆ ಒಂದು ಹಿಡಿ ಅಕ್ಕಿ ತನ್ನಿ, ಅದಕ್ಕಿಂತ ಹೆಚ್ಚು ತಂದರೆ ನಾನು ಮಾಡುವುದಿಲ್ಲ ಎಂದೂ ಹೇಳಿದರು. ಸಮಾಲೋಚಕನಾದ ನನ್ನ ಬಾಯಿಂದ ಇದೇ ಅರ್ಥದ ಮಾತು ಬಂದಿದ್ದರೆ ಅಜ್ಜಿಯ ಮೇಲೆ ಯಾವ ಪರಿಣಾಮವೂ ಆಗುತ್ತಿರಲಿಲ್ಲ. ದೇವರ ಹೆಸರಿನಲ್ಲಿ ಬಿದ್ದ ಆರೋಪವನ್ನು ದೇವರ ಸೇವೆ ಮಾಡುವವರೇ ತೆಗೆದುಹಾಕಬೇಕಾಯಿತು.

ಮೂರನೆಯದು ಬೇರೊಂದು ದಿಕ್ಕಿನಿಂದ ಬಂದ ನೆರವು. ಕುಸಿತದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಕೊಡಗಿನ ಕುಸಿತದ ಜಾಗಗಳನ್ನು ಪರಿಶೀಲಿಸಿದರು. ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಕಡಿದದ್ದು, ನೀರು ಹರಿಯುವ ದಾರಿಗಳನ್ನು ಮುಚ್ಚಿದ್ದು, ಆಳದವರೆಗೆ ಶಿಥಿಲವಾದ ಮಣ್ಣು ಸತತ ಮಳೆಯಿಂದ ನೀರು ಕುಡಿದು ಭಾರವಾದದ್ದು, ಇವು ಸೇರಿ ಬೆಟ್ಟ ಜಾರಿತೆಂಬ ವಿವರಣೆ ಪತ್ರಿಕೆಗಳಲ್ಲೂ ಸಭೆಗಳಲ್ಲೂ ಚರ್ಚೆಯಾಯಿತು. ಅಜ್ಜಿಯ ಮೊಮ್ಮಗಳು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವಳು. ಒಂದು ಸಂಜೆ ಅವಳು ತಟ್ಟೆಯೊಂದರಲ್ಲಿ ಮಣ್ಣಿನ ಇಳಿಜಾರು ಮಾಡಿ, ಅದರ ಬುಡವನ್ನು ಚಮಚದಿಂದ ಕೆರೆದು, ಮೇಲಿಂದ ನೀರು ಹಾಕಿ ಅಜ್ಜಿಗೆ ತೋರಿಸಿದಳು. ಅಜ್ಜಿ ಬಹಳ ಹೊತ್ತು ನೋಡಿ, ಮೇಲಿನ ರಸ್ತೆ ಕಡಿದ ವರ್ಷ ಯಾವುದೆಂದು ಕೇಳಿದರು. ಆಗಿನಿಂದಲೇ ಒರತೆಯ ನೀರು ಜಾಗ ಬದಲಿಸಿತ್ತೆಂದು ತಾವೇ ನೆನಪಿಸಿಕೊಂಡರು. ವಿಜ್ಞಾನದ ವಿವರಣೆ ಭಕ್ತರ ನಂಬಿಕೆಯನ್ನು ಕದಡುತ್ತದೆಂದು ಹೆದರುವವರಿದ್ದಾರೆ. ಇಲ್ಲಿ ಅದು ಮಾಡಿದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ. ಗುಡ್ಡ ಯಾಕೆ ಬಿತ್ತೆಂಬ ಪ್ರಶ್ನೆಗೆ ಮಣ್ಣಿನಲ್ಲಿ ಉತ್ತರ ಸಿಕ್ಕಿದ ಮೇಲೆ ದೇವರ ತಲೆಯಿಂದಲೂ ತನ್ನ ತಲೆಯಿಂದಲೂ ಆ ಹೊರೆಯನ್ನು ಇಳಿಸಲು ಅಜ್ಜಿಗೆ ಸಾಧ್ಯವಾಯಿತು.

ಮಗನ ವಿಷಯದಲ್ಲಿ ಇಂಥ ಸುಲಭದ ಮುನ್ನಡೆ ಇರಲಿಲ್ಲ. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ನಂತರ ಭಾಗಮಂಡಲದ ಸಂಗಮದಲ್ಲಿ ತಮ್ಮನಿಗೆ ಪಿಂಡ ಇಡಬೇಕೆಂದು ಮನೆಯವರು ಹೇಳಿದಾಗ ಅವರು ಒಪ್ಪಲಿಲ್ಲ. ಕೊನೆಗೆ ಹೆಂಡತಿಯ ಒತ್ತಾಯಕ್ಕೆ ಬಂದವರು ನೀರಿಗಿಳಿಯದೆ ದಡದಲ್ಲೇ ನಿಂತರು. ಕ್ರಿಯೆ ಮಾಡಿಸುತ್ತಿದ್ದವರು ಕಾರಣ ಕೇಳಿದಾಗ, ಈ ದೇವರ ಎದುರು ಕೈಮುಗಿಯಲು ನನಗೆ ಇಷ್ಟವಿಲ್ಲ ಎಂದರು. "ಮುಗಿಯಬೇಡಿ. ಹೊಟ್ಟೆಯಲ್ಲಿ ಇರುವುದನ್ನು ಇಲ್ಲೇ ಹೇಳಿ, ಬಯ್ಯುವುದಿದ್ದರೆ ಬಯ್ಯಿರಿ. ತಮ್ಮನ ಕೆಲಸವನ್ನು ಮಾತ್ರ ತಮ್ಮನಿಗಾಗಿ ಮಾಡಿ" ಎಂಬ ಉತ್ತರ ಬಂತು. ನಮ್ಮ ದಾಸರು ದೇವರನ್ನು ನಿಂದಿಸಿಯೇ ಹಾಡಿದ ಪರಂಪರೆ ಇರುವ ನಾಡಿನಲ್ಲಿ ಈ ಮಾತು ಅಚ್ಚರಿಯದಲ್ಲ. ಆದರೆ ಪರಿಹಾರ ಕೇಂದ್ರದ ಅಷ್ಟೂ ವಾರಗಳಲ್ಲಿ ಈ ಅನುಮತಿಯನ್ನು ಅವರಿಗೆ ಕೊಟ್ಟವರು ಯಾರೂ ಇರಲಿಲ್ಲ. ಅವರು ಬೈದರು. ಗಟ್ಟಿಯಾಗಿ, ಜನ ತಿರುಗಿ ನೋಡುವಂತೆ. ತಾಯಿ ಅಲ್ಲೇ ಇದ್ದರು. ಆ ರಾತ್ರಿ ಉಳಿದದ್ದರ ಬಗ್ಗೆ ಮಗ ಎರಡು ತಿಂಗಳಿಂದ ನುಂಗಿಕೊಂಡಿದ್ದ ಮಾತು ಕೂಡ ಆಗ ಹೊರಬಂತು. ಅಜ್ಜಿ ಉತ್ತರ ಕೊಡಲಿಲ್ಲ, ಅಲ್ಲಿಂದ ಎದ್ದು ಹೋಗಲೂ ಇಲ್ಲ. ಕ್ರಿಯೆ ನಡೆಯಿತು.

ಇದನ್ನು ಪವಾಡದಂತೆ ಓದಬಾರದು. ಅಂದು ರಾತ್ರಿಯೂ ಅವರು ಕುಡಿದರು. ನಿದ್ರೆ ಮರಳಿದ್ದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಕೊಟ್ಟ ಮಾತ್ರೆಗಳನ್ನು ಕ್ರಮವಾಗಿ ತೆಗೆದುಕೊಂಡ ಮೇಲೆ. ಕುಡಿತ ಕಡಿಮೆಯಾಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು, ನಡುವೆ ಎರಡು ಬಾರಿ ಮರುಕಳಿಸಿತು. ಮಳೆಯ ಸದ್ದಿಗೆ ಬೆವರುವುದು, ನಡೆದದ್ದೇ ಮತ್ತೆ ಕಣ್ಣೆದುರು ಬರುವುದು, ಹಿಂದಿನ ಸುಖದ ವಿಷಯಗಳಲ್ಲಿ ರುಚಿ ಹೋಗುವುದು ಇವು ಆಘಾತದಿಂದ ಬರುವ ಕಾಯಿಲೆಯ ಲಕ್ಷಣಗಳು. ಇವನ್ನು ಭಕ್ತಿಯ ಕೊರತೆ ಎಂದು ಕರೆದು ದೇವಸ್ಥಾನಕ್ಕೆ ಕಳಿಸಿದರೆ ರೋಗಿಗೆ ಅನ್ಯಾಯವಾಗುತ್ತದೆ. ಭಾಗಮಂಡಲದ ದಿನ ಬದಲಾಗಿದ್ದು ಒಂದೇ ಸಂಗತಿ. ತಾಯಿಯೊಂದಿಗೆ ಮಾತು ಶುರುವಾಯಿತು. ಮೊದಮೊದಲು ಅದು ಜಗಳವೇ ಆಗಿತ್ತು.

2019ರ ಮಳೆಗಾಲ

ಸರ್ಕಾರದ ಬಾಡಿಗೆ ನೆರವಿನಿಂದ ಕುಟುಂಬ ಪೇಟೆಯ ಹತ್ತಿರದ ಮನೆಯೊಂದರಲ್ಲಿ ನೆಲೆಸಿತು. ಉಳಿದ ಅರ್ಧ ತೋಟವನ್ನು ಬಿಡಲಾಗದೆ ಮಗ ಅಲ್ಲಿ ತಗಡಿನ ಶೆಡ್ ಹಾಕಿಕೊಂಡು ಹಗಲು ದುಡಿಯುತ್ತಿದ್ದರು, ಕೆಲವೊಮ್ಮೆ ರಾತ್ರಿಯೂ ಉಳಿಯುತ್ತಿದ್ದರು. ಹೊಸ ಮಳೆಮಾಪಕ ಒಂದನ್ನು ಅಲ್ಲಿ ನೆಟ್ಟಿದ್ದರು. ತಮ್ಮ ಬರೆಯುತ್ತಿದ್ದ ಪುಸ್ತಕಗಳೆಲ್ಲ ಮಣ್ಣುಪಾಲಾಗಿದ್ದರಿಂದ ಹೊಸ ಪುಸ್ತಕವನ್ನು ಮೊದಲ ಪುಟದಿಂದ ಆರಂಭಿಸಿದ್ದರು.

ಆ ವರ್ಷ ನಾಗರಪಂಚಮಿ ಆಗಸ್ಟ್ 5ರಂದು. ಅದೇ ವಾರ ಕೊಡಗಿನಲ್ಲಿ ಮತ್ತೆ ಭಾರೀ ಮಳೆ ಹಿಡಿಯಿತು. ನಾಗನ ಕಟ್ಟೆ ಕುಸಿತದಿಂದ ಪಾರಾಗಿ ಕಾಡಿನಂಚಿನಲ್ಲಿ ಹಾಗೆಯೇ ಉಳಿದಿತ್ತು. ಹಿಂದಿನ ವರ್ಷ ಏನು ತಪ್ಪಿತ್ತೋ ಅದನ್ನೇ ಈ ವರ್ಷವೂ ತಪ್ಪಿಸುವುದೇ ಎಂಬ ಪ್ರಶ್ನೆ ಅಜ್ಜಿಯ ಎದುರು ನಿಂತಿತು. ಮನೆಯವರೆಲ್ಲ ಹೆದರಿದ್ದು, ಅಜ್ಜಿ ಹಟ ಹಿಡಿದು ಗುಡ್ಡ ಹತ್ತುತ್ತಾರೆಂದು. ಅಜ್ಜಿ ಬೆಳಿಗ್ಗೆ ಸ್ನಾನ ಮಾಡಿ, ಬಾಡಿಗೆ ಮನೆಯ ಹಿತ್ತಲಿನ ಮರವೊಂದರ ಬುಡಕ್ಕೆ ಹಾಲೆರೆದರು. ಆಮೇಲೆ ಮಗನಿಗೆ ಫೋನ್ ಮಾಡಿಸಿ ಹೇಳಿದರು: "ಹೋದ ವರ್ಷ ದೇವರು ಕಾಯ್ತಾನೆ ಅಂತ ಹೇಳಿ ನಿಮ್ಮನ್ನು ಕೂರಿಸಿದೆ. ಒರತೆ ಕೆಂಪಾದಾಗಲೇ ಅವನು ಏಳಿ ಅಂದಿದ್ದ, ನನಗೆ ಕೇಳಿಸಲಿಲ್ಲ. ಈಗ ಕೇಳಿಸ್ತಾ ಉಂಟು. ಶೆಡ್ ಬಿಟ್ಟು ಇಳಿದು ಬಾ ಮಗ."

ಮಗ ಬಂದರು. ಬರುವಾಗ ಅಲ್ಲಿ ಶೆಡ್ ಹಾಕಿಕೊಂಡಿದ್ದ ಇನ್ನಿಬ್ಬರನ್ನೂ ಕರೆತಂದರು. ಅದೇ ವಾರದ ಕೊನೆಯಲ್ಲಿ ವಿರಾಜಪೇಟೆ ತಾಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿದು ಮನೆಗಳು ಹೂತುಹೋದ ಸುದ್ದಿ ಬಂತು. ಇವರ ತೋಟದಲ್ಲಿ ಆ ವರ್ಷ ದೊಡ್ಡ ಕುಸಿತವಾಗಲಿಲ್ಲ. ಇಳಿದು ಬಂದದ್ದು ವ್ಯರ್ಥವಾಯಿತೆಂದು ಯಾರೋ ಹೇಳಿದಾಗ, ಪ್ರತಿ ವರ್ಷವೂ ಹೀಗೆ ವ್ಯರ್ಥವಾಗಲಿ ಎಂದರು ಮಗ.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮುಖ್ಯ ತಿರುವು ಇದೇ. ಅಜ್ಜಿಯ ನಂಬಿಕೆ ಕಡಿಮೆಯಾಗಿರಲಿಲ್ಲ, ಅದು ಕುಳಿತಿದ್ದ ಜಾಗ ಬದಲಾಗಿತ್ತು. ತಾನು ಇಂತಿಷ್ಟು ಸಲ್ಲಿಸಿದರೆ ಅವನು ಇಂತಿಷ್ಟು ಕಾಯಬೇಕೆಂಬ ಕರಾರಿನಿಂದ ಅದು ಬಿಡಿಸಿಕೊಂಡಿತ್ತು. ಒರತೆಯ ಬಣ್ಣ, ಅಂಗಳದ ಬಿರುಕು, ಮಳೆಮಾಪಕದ ಇಂಚು, ಜಿಲ್ಲಾಡಳಿತದ ಎಚ್ಚರಿಕೆ ಇವೆಲ್ಲವೂ ಆಕೆಗೆ ದೇವರು ಮಾತನಾಡುವ ಬಗೆಗಳಾಗಿದ್ದವು.

ವರ್ಷದ ಸೂತಕ ಕಳೆದಿದ್ದರಿಂದ ಆ ವರ್ಷದ ಹುತ್ತರಿಯನ್ನು ಆಚರಿಸಬಹುದಿತ್ತು. ಸ್ವಂತ ಗದ್ದೆ ಹೂಳಿನಡಿ ಇತ್ತು. ಬಂಧುಗಳ ಗದ್ದೆಯಲ್ಲಿ ಕದಿರು ತೆಗೆಯುವಾಗ ಪೊಲಿ ಪೊಲಿ ದೇವಾ ಎಂಬ ಕೂಗಿಗೆ ಮಗ ದನಿಗೂಡಿಸಲಿಲ್ಲ. ಆದರೆ ಕದಿರಿನ ಹೊರೆಯನ್ನು ಬೇರೆಯವರಿಗೆ ಬಿಡದೆ ತಾವೇ ಹೊತ್ತುಕೊಂಡು ಬಂದು ಬಾಡಿಗೆ ಮನೆಯ ಬಾಗಿಲಿಗೆ ಕಟ್ಟಿದರು.

ತಲಕಾವೇರಿಯ ಪ್ರಶ್ನೆ

2020ರಲ್ಲಿ ಜಂಬೂರು, ಮದೆನಾಡು ಮುಂತಾದ ಕಡೆ ಸಂತ್ರಸ್ತರಿಗಾಗಿ ಕಟ್ಟಿದ ಮನೆಗಳ ಹಸ್ತಾಂತರವಾಯಿತು. ಇವರಿಗೂ ಒಂದು ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಹೊಸ ಮನೆಗೆ ಹೋಗಿ ಕೆಲವೇ ವಾರಗಳಲ್ಲಿ, ಆಗಸ್ಟ್ ಮೊದಲ ವಾರದ ಒಂದು ರಾತ್ರಿ, ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅಲ್ಲಿನ ಪ್ರಧಾನ ಅರ್ಚಕರ ಮನೆ ಮಣ್ಣಿನಡಿ ಸೇರಿತು. ಅರ್ಚಕರು ಹಾಗೂ ಅವರೊಂದಿಗಿದ್ದವರು ಪ್ರಾಣ ಕಳೆದುಕೊಂಡರು.

ಕಾವೇರಿಯ ಮೂಲಸ್ಥಾನದಲ್ಲೇ ನಡೆದ ಈ ಘಟನೆ ಕೊಡಗಿನ ಭಕ್ತರನ್ನು ಎಷ್ಟು ಅಲುಗಿಸಿತೆಂಬುದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಈ ಕುಟುಂಬ ಅಲ್ಲಿಯವರೆಗೆ ಕಟ್ಟಿಕೊಂಡದ್ದೆಲ್ಲ ಇದರಿಂದ ಮತ್ತೆ ಕುಸಿಯಬಹುದೆಂಬ ಆತಂಕ ನನಗಿತ್ತು. ಮಗ ಆ ಪ್ರಶ್ನೆಯನ್ನು ಎತ್ತಿಯೇ ಎತ್ತಿದರು. ತನ್ನ ಪೂಜೆ ಮಾಡುವವರನ್ನೇ ಉಳಿಸಿಕೊಳ್ಳದವನನ್ನು ಯಾವ ಧೈರ್ಯದ ಮೇಲೆ ನಂಬುವುದು ಎಂದು ತಾಯಿಯನ್ನು ಕೇಳಿದರು. ಅಜ್ಜಿ ಬಹಳ ಅತ್ತರು. ಎರಡು ದಿನ ಕಳೆದ ಮೇಲೆ ಅವರು ಹೇಳಿದ್ದನ್ನು ಸೊಸೆ ನನಗೆ ತಿಳಿಸಿದರು: "ಅಲ್ಲಿ ಒಂದು ದಿನವೂ ಪೂಜೆ ತಪ್ಪಿರಲಿಲ್ಲವಲ್ಲ. ಹಾಗಾದರೆ ನಮ್ಮ ಹುಡುಗ ಹೋದದ್ದೂ ಹಾಲು ತಪ್ಪಿದ್ದಕ್ಕಲ್ಲ."

ಅರ್ಚಕರ ಸಮಾಧಾನದಿಂದ, ಮೊಮ್ಮಗಳ ಮಣ್ಣಿನ ತಟ್ಟೆಯಿಂದ ಬಹುಪಾಲು ಇಳಿದಿದ್ದ ಅಪರಾಧದ ಭಾವ ಎಲ್ಲೋ ಒಳಗೆ ಇನ್ನೂ ಉಳಿದಿತ್ತೆಂಬುದು ಆಗ ತಿಳಿಯಿತು. ಅದನ್ನು ಕೊನೆಗೆ ತೆಗೆದದ್ದು ಇನ್ನೊಬ್ಬರ ದುರಂತ ಎಂಬುದು ನೋವಿನ ಸಂಗತಿ. ಅಜ್ಜಿಗೂ ಅದು ಗೊತ್ತಿತ್ತು. ಆ ಮನೆಯವರ ಹೆಸರಿನಲ್ಲಿಯೂ ಅಂದಿನಿಂದ ಒಂದು ದೀಪ ಹಚ್ಚುತ್ತಿದ್ದಾರೆ.

ಪ್ರಕರಣದಿಂದ ಕಂಡುಕೊಂಡದ್ದು

ವಿಪತ್ತಿನ ನಂತರದ ಕೆಲಸಕ್ಕೆ ಹೋಗುವ ಯುವಕರು, ಮುಖ್ಯವಾಗಿ ಧಾರ್ಮಿಕ ಸಂಸ್ಥೆಗಳಿಂದ ಬರುವವರು, ಮೊದಲ ವಾರಗಳಲ್ಲಿ ಯಾಕೆ ಎಂಬ ಪ್ರಶ್ನೆಗೆ ದೇವರ ಪರವಾಗಿ ಉತ್ತರ ಕೊಡಲು ಹೋಗಬಾರದೆಂದು ನಾನು ಈ ಪ್ರಕರಣವನ್ನು ಮುಂದಿಟ್ಟು ಹೇಳುತ್ತೇನೆ. ನೊಂದವರು ಆ ಪ್ರಶ್ನೆಯನ್ನು ನಮ್ಮತ್ತ ಎಸೆದಂತೆ ಕಂಡರೂ ಅದು ದೇವರಿಗೇ ಕೇಳಿದ ಪ್ರಶ್ನೆ. ನಡುವೆ ನಿಂತು ನಾವು ಉತ್ತರಿಸಿದರೆ ಅವರ ಮಾತುಕತೆಯನ್ನು ತುಂಡರಿಸಿದಂತಾಗುತ್ತದೆ. ದೇವರ ಮೇಲಿನ ಸಿಟ್ಟನ್ನು ನಾಸ್ತಿಕತೆಯೆಂದು ಎಣಿಸುವುದೂ ಆತುರದ ತೀರ್ಮಾನ. ಇಲ್ಲದವನ ಮೇಲೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ.

ತಪ್ಪಿನ ಭಯ ಹುಟ್ಟಿಸುವ ಮಾತನ್ನು ಮಾತ್ರ ಕೂಡಲೇ ತಡೆಯಬೇಕು. ಅದಕ್ಕೆ ಸ್ಥಳೀಯ ಅರ್ಚಕರು, ಪಾದ್ರಿಗಳು, ಮೌಲವಿಗಳಲ್ಲಿ ವಿವೇಕಿಗಳಾದವರನ್ನು ಮೊದಲ ದಿನಗಳಲ್ಲೇ ಗುರುತಿಸಿಟ್ಟುಕೊಳ್ಳುವುದು ಒಳ್ಳೆಯದು. ಪರಿಹಾರದ ಹಣ ಕೈಗೆ ಬರುವ ಹೊತ್ತಿಗೆ ದುಬಾರಿ ಪೂಜೆಗಳ ಸಲಹೆಯೂ ಬರುತ್ತದೆ. ಒಂದು ವರ್ಷ ಕಾಯೋಣ ಎಂಬ ಸೊಸೆಯ ಸೂತ್ರವನ್ನು ಬೇರೆ ಕುಟುಂಬಗಳಿಗೂ ಹೇಳಿದ್ದೇನೆ. ಭಕ್ತಿಯನ್ನು ನೋಯಿಸದೆ ಹಣವನ್ನು ಉಳಿಸುವ ದಾರಿ ಅದು.

ದೇವರು ಕಾಯುತ್ತಾನೆಂದು ಮನೆ ಬಿಡಲೊಪ್ಪದ ಹಿರಿಯರು ಪ್ರತಿ ಮಳೆಗಾಲದಲ್ಲೂ ಎದುರಾಗುತ್ತಾರೆ. ಅವರೊಂದಿಗೆ ದೇವರಿದ್ದಾನೋ ಇಲ್ಲವೋ ಎಂಬ ವಾದಕ್ಕೆ ಇಳಿದರೆ ಸಮಯ ಹೋಗುತ್ತದೆ, ಅವರು ಇನ್ನಷ್ಟು ಗಟ್ಟಿಯಾಗಿ ಕೂರುತ್ತಾರೆ. ಒಮ್ಮೆ ಹೀಗೆ ಕೂತಿದ್ದ ಹಿರಿಯರೊಬ್ಬರ ಬಳಿಗೆ ತಹಸೀಲ್ದಾರರ ಸಿಬ್ಬಂದಿ ನಮ್ಮ ಈ ಅಜ್ಜಿಯನ್ನೇ ಕರೆದುಕೊಂಡು ಹೋದರು. ಅಜ್ಜಿ ತಮ್ಮ ಮಗನ ವಿಷಯ ಹೇಳಿ, ನಿಮ್ಮ ದೇವರ ಪಟವನ್ನೂ ತೆಗೆದುಕೊಳ್ಳಿ, ಹೊರಡುವ ಎಂದರಂತೆ. ಅವರು ಹೊರಟರು.

ಆಶೆ ಎಂಬುದು ಮಾತಿನಿಂದ ಮಾತ್ರ ಹುಟ್ಟಲಾರದೆಂಬುದನ್ನೂ ಸೇರಿಸಬೇಕು. ಮನೆ, ಔಷಧ, ಮಗಳ ಕಾಲೇಜು ಶುಲ್ಕಕ್ಕೆ ಒಬ್ಬ ಪರಿಚಿತರ ನೆರವು, ಕಾಫಿ ಗಿಡ ಮತ್ತೆ ನೆಡಲು ಸಿಕ್ಕ ಸಸಿ, ಇವಿಲ್ಲದಿದ್ದರೆ ದೀಪದ ಮೂಲೆ ಒಂದರಿಂದ ಈ ಕುಟುಂಬ ನಿಲ್ಲುತ್ತಿರಲಿಲ್ಲ. ಲೈನ್‌ಮನೆಗಳಲ್ಲಿದ್ದು, ಪಹಣಿಯಲ್ಲಿ ಹೆಸರಿಲ್ಲದೆ, ಕಳೆದುಕೊಂಡದ್ದನ್ನು ಸಾಬೀತು ಮಾಡಲಾಗದ ಕೂಲಿ ಕುಟುಂಬಗಳಿಗೆ ಇಷ್ಟೂ ಸಿಗಲಿಲ್ಲ. ಅಜ್ಜಿಯ ಹೆಸರಿನಲ್ಲಿ ದೀಪ ಹಚ್ಚಿದ ಆ ಹೆಂಗಸು ಕೆಲಸ ಹುಡುಕಿಕೊಂಡು ಜಿಲ್ಲೆ ಬಿಟ್ಟರು. ದೇವರಲ್ಲಿ ಭರವಸೆಯಿಡಿ ಎಂದು ಅಂಥವರಿಗೆ ಹೇಳುವವರು ಅವರ ಸೂರಿನ ಅರ್ಜಿಯನ್ನೂ ಕೈಯಲ್ಲಿ ಹಿಡಿದಿರಬೇಕು.

ಈಗಿನ ಸ್ಥಿತಿ ಹೀಗಿದೆ. ಅಜ್ಜಿ ಹೊಸ ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ಮಗ ಮಾಡಿಕೊಟ್ಟ ಗೂಡಿನಲ್ಲಿ ದೀಪ ಹಚ್ಚುತ್ತಾರೆ. ಮಗ ಕುಡಿತ ಬಿಟ್ಟಿದ್ದಾರೆ, ದೇವಸ್ಥಾನಕ್ಕೆ ಅಪರೂಪಕ್ಕೆ ಹೋಗುತ್ತಾರೆ. ನಂಬಿಕೆಯ ಬಗ್ಗೆ ಕೇಳಿದರೆ, ಜಗಳ ಮುಗಿದಿಲ್ಲ, ಆದರೆ ಮಾತು ಬಿಟ್ಟಿಲ್ಲ ಎನ್ನುತ್ತಾರೆ. ಮಳೆಗಾಲದಲ್ಲಿ ಅವರ ಮಳೆಮಾಪಕದ ಲೆಕ್ಕ ಪ್ರತಿದಿನ ಬೆಳಿಗ್ಗೆ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ, ಅದನ್ನು ನೋಡಿ ಕೆಳಗಿನ ಮನೆಯವರು ಹೊರಡುವ ತೀರ್ಮಾನ ಮಾಡುತ್ತಾರೆ. ಉಳಿದ ಜಮೀನನ್ನು ಪ್ರವಾಸಿಗರ ಕೊಠಡಿಗಳಿಗಾಗಿ ಒಳ್ಳೆಯ ಬೆಲೆಗೆ ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ವಾಹನ ಹೋಗುವ ದಾರಿಗಾಗಿ ಗುಡ್ಡವನ್ನು ಕಡಿಯಬೇಕೆಂದು ತಿಳಿದಾಗ ತಾಯಿ, ಮಗ, ಸೊಸೆ ಮೂವರೂ ಬೇಡವೆಂದರು. ಬ್ಯಾಂಕಿನ ಸಾಲ ಇನ್ನೂ ಇದೆ, ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮಗಳು ಪ್ರತಿ ತಿಂಗಳು ಅದರ ಕಂತಿಗೆ ಹಣ ಕಳಿಸುತ್ತಿದ್ದಾಳೆ. ಕುಸಿದ ಭಾಗದಲ್ಲಿ ಲಾವಂಚ ಮತ್ತು ಬಿದಿರು ನೆಟ್ಟಿದ್ದಾರೆ.